ಇಲಿಗಳ ಹೆಸರು ಬರೆದುಕೊಂಡ ಸಾಹೇಬ

ಇಲಿಗಳ ವಿಷಯ ಬರೆಯಲು ಕುಳಿತಿದ್ದೇನೆ ಎಂದರೆ ದಯವಿಟ್ಟು ಮೂಗು ಮುರಿಯಬೇಡಿ. ತೆಂಗಿನ ಸೀಮೆಯಲ್ಲಿ ಸಂಸಾರ ಮಾಡುವ ಹೆಂಗಸಿಗೆ ಗಂಡ, ಮಕ್ಕಳು, ದನಕರು ಆದಮೇಲೆ ಅತಿ ಹೆಚ್ಚು ತಲೆ ತಿನ್ನುವ ಜೀವ ಯಾವುದೆಂದು ಕೇಳಿ ನೋಡಿ, ಬೇರೆ ಉತ್ತರ ಬರಲಾರದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಅಟ್ಟವೆಂದರೆ ಹಳೆಯ ಸಾಮಾನು ತುರುಕುವ ಜಾಗವಲ್ಲ. ಅದು ನಮ್ಮ ಬ್ಯಾಂಕು. ಬಲಿತ ಕಾಯಿಗಳನ್ನು ಮಟ್ಟೆಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕಾಯಿ ಅಲ್ಲಾಡಿಸಿದರೆ ಗಿಟುಕು ಲೊಟಲೊಟ ಎನ್ನುವ ತನಕ ಕಾಯಬೇಕು. ಆಮೇಲೆ ಸುಲಿಸಿ, ಒಡೆಸಿ, ತಿಪಟೂರಿನ ಮಾರುಕಟ್ಟೆಗೆ ಉಂಡೆ ಕೊಬ್ಬರಿ ಕಳಿಸಿದ ಮೇಲೆ ನಮ್ಮ ಕೈಗೆ ಕಾಸು. ಮಗಳ ಮದುವೆ, ಮಗನ ಕಾಲೇಜಿನ ಫೀಜು, ಸಾಲದ ಕಂತು ಎಲ್ಲವೂ ಒಂದು ವರ್ಷ ಮೊದಲೇ ನಮ್ಮ ತಲೆಯ ಮೇಲೆ ಒಣಗುತ್ತಿರುತ್ತವೆ. ಅದರ ಕೆಳಗೆ ಮಲಗಿದವಳಿಗೆ ನಡುರಾತ್ರಿ ಮೇಲಿನಿಂದ ‘ಕರಕರ’ ಕೇಳಿಸಿದರೆ ಹೇಗಾಗಬೇಡ, ನೀವೇ ಹೇಳಿ.

ನಮ್ಮೂರು ಅರಳಗುಪ್ಪೆ ಹೊರಗಿನವರಿಗೆ ಗೊತ್ತಿರುವುದು ದೇವಸ್ಥಾನಗಳಿಂದ. ಕಲ್ಲೇಶ್ವರನ ಗುಡಿಯ ಒಳಚಾವಣಿಯಲ್ಲಿ ಕುಣಿಯುವ ಶಿವನನ್ನೂ ಅವನ ಸುತ್ತ ನೆರೆದ ದಿಕ್ಪಾಲಕರನ್ನೂ ನೋಡಲು ದೂರದೂರದಿಂದ ಜನ ಬರುತ್ತಾರೆ. ಕತ್ತು ನೋಯುವ ತನಕ ಮೇಲೆ ನೋಡಿ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಮ್ಮ ಅತ್ತೆಯೂ ದಿನಕ್ಕೆ ನಾಲ್ಕು ಸಲ ಕತ್ತೆತ್ತಿ ಮೇಲೆ ನೋಡುವವರೇ. ಆದರೆ ಅವರ ಕಣ್ಣು ಅಟ್ಟದ ಜಂತೆಗಳ ಮೇಲೆ.

ನಾನು ಸೊಸೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ನನಗೆ ಇಲಿ ಎಂದರೆ ಇಲಿ, ದೊಡ್ಡದಾದರೆ ಹೆಗ್ಗಣ. ಅಷ್ಟಕ್ಕೆ ನನ್ನ ವಿದ್ಯೆ ಮುಗಿಯುತ್ತಿತ್ತು. ಅತ್ತೆಯ ಲೆಕ್ಕ ಬೇರೆಯೇ ಇತ್ತು. ಅಟ್ಟದ್ದು ಬೇರೆ, ಮರದ್ದು ಬೇರೆ, ಹೊಲದ್ದು ಬೇರೆ, ಹಿತ್ತಲ ಮೋರಿಯದ್ದು ಬೇರೆ. ಮೂತಿ ಉದ್ದ ಮಾಡಿಕೊಂಡು ಗೋಡೆ ಪಕ್ಕದಲ್ಲೇ ಚಿಕ್ ಚಿಕ್ ಎಂದು ಓಡುವ ಸೊಂಡಿಲಿಯನ್ನು ಹೊಡೆಯಲು ಹೋದರೆ ಕೈ ಹಿಡಿಯುತ್ತಿದ್ದರು, “ಬಿಡವ್ವ, ಅದು ಹುಳಾ ಹುಪ್ಪಟೆ ತಿಂದ್ಕೊಂಡಿರ್ತದೆ” ಎಂದು. ತೋಟದಲ್ಲಿ ಉದುರಿದ ಎಳೆಗಾಯಿ ತಂದುಕೊಟ್ಟರೆ ತಿರುಗಿಸಿ ನೋಡಿ, “ತೊಟ್ಟಿನ ತಾವ್ಲೇ ತೂತು ಹೊಡ್ದೈತೆ ನೋಡು, ಇದು ಇಲೀದೆ ಕಣವ್ವ. ಮರದ ಮೇಲೇ ಮನೆ ಮಾಡೈತೆ, ಕೆಳಗೆ ಹುಡುಕ್‌ಬ್ಯಾಡ” ಎಂದು ತೀರ್ಪು ಕೊಡುತ್ತಿದ್ದರು. ಯಾವ ಮರದ ಸುಳಿ ಶುಚಿ ಮಾಡಿಸಬೇಕು, ಬೋನು ಎಲ್ಲಿಡಬೇಕು ಎಂಬುದೆಲ್ಲ ಆ ತೀರ್ಪಿನ ಮೇಲೆ ನಡೆಯುತ್ತಿತ್ತು. ಅವರು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನ ತನಕ.

ಈಗ ಅತ್ತೆಗೆ ಎಂಬತ್ತನಾಲ್ಕು. ಮಂಡಿ ಹಿಡಿದಿದೆ, ಅದಕ್ಕೆ ಅವರು ಹೆಚ್ಚು ಕೊರಗುವುದಿಲ್ಲ. ಮಾತು ಕೈಕೊಡುತ್ತಿರುವುದೇ ಅವರಿಗೆ ಸಂಕಟ. ಮೊದಮೊದಲು ಮನುಷ್ಯರ ಹೆಸರು ಮರೆಯುತ್ತಿದ್ದರು. ನಾವೆಲ್ಲ ನಕ್ಕು ಸುಮ್ಮನಾದೆವು. ಆಮೇಲೆ ಪಾತ್ರೆಪಡಗದ ಹೆಸರು ಹೋಯಿತು. ಹೋದ ವರ್ಷದಿಂದ “ಅದು… ಅದೇ… ನಮ್ಮಪ್ಪನ ಹೊಲದಾಗೆ ಇರ್ತಿತ್ತಲ್ಲ…” ಎಂದು ಶುರು ಮಾಡಿ, ಕೈಯಲ್ಲಿ ಅದರ ಗಾತ್ರ ತೋರಿಸಿ, ಹೆಸರು ಬಾರದೆ ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತಾರೆ. ಆ ಹೊತ್ತಿನಲ್ಲಿ ಅವರ ಮುಖ ನೋಡಲು ನನಗೆ ಆಗುವುದಿಲ್ಲ.

ಇಂಥ ದಿನಗಳಲ್ಲಿ ನನ್ನ ತಮ್ಮನ ಮಗಳು ರಜೆಗೆಂದು ಬಂದಳು. ಬೆಂಗಳೂರಿನಲ್ಲಿ ಕೃಷಿ ಓದುತ್ತಿರುವ ಹುಡುಗಿ. ಅಜ್ಜಿಯ ಇಲಿ ಪಾಂಡಿತ್ಯ ಕೇಳಿ, “ಅತ್ತೆ, ಇಂಥ ಪಟ್ಟಿಯನ್ನೇ ಒಬ್ಬ ಇಂಗ್ಲಿಷಿನವನು ಬರೆದಿದ್ದಾನೆ, ಸುಮಾರು ಇನ್ನೂರು ವರ್ಷದ ಹಿಂದೆ. ಕನ್ನಡದ ಹೆಸರುಗಳನ್ನೂ ಹಾಕಿದ್ದಾನೆ” ಎಂದಳು. ಮುಂದಿನ ಸಲ ಬರುವಾಗ ಆ ಹಳೆಯ ಪುಟಗಳನ್ನು ಅಚ್ಚು ಹಾಕಿಸಿಕೊಂಡೂ ಬಂದಳು. ಮಧ್ಯಾಹ್ನದ ಹೊತ್ತು ನಾನೂ ಅವಳೂ ಕುಳಿತು ಓದಿದೆವು.

ಬ್ರಿಟಿಷರ ಕಾಲದ ಪ್ರಾಣಿಪಂಡಿತರೆಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಹುಲಿಯ ಮೇಲೆ ಕಾಲಿಟ್ಟು ಕೋವಿ ಹಿಡಿದು ನಿಂತ ಫೋಟೋ. ಮೈಸೂರು ಸೀಮೆಯಲ್ಲಿ ಆನೆಗಳ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ತನ್ನ ಹದಿಮೂರು ವರ್ಷದ ಅನುಭವವನ್ನು 1878ರಲ್ಲಿ ದೊಡ್ಡ ಪುಸ್ತಕ ಮಾಡಿದ. ಅದಕ್ಕೂ ಮುಂಚೆ, ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಗುಬ್ಬಿ, ಚಿಕ್ಕನಾಯಕನಹಳ್ಳಿಗಳ ಮೇಲೆಯೇ ಹಾದುಹೋಗಿದ್ದ. ಬೆಳೆ, ಮಣ್ಣು, ಸಂತೆ, ಕಸುಬು ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಆದರೆ ಬುಕಾನನ್ ದಾರಿಹೋಕ. ಇವತ್ತು ಇಲ್ಲಿ ಡೇರೆ, ನಾಳೆ ಮುಂದಿನ ಊರು. ಒಂದೇ ಸೀಮೆಯಲ್ಲಿ ವರ್ಷಗಟ್ಟಲೆ ಕೂತು, ಆನೆ ಹುಲಿಗಳ ಜೊತೆಗೆ ಇಲಿಗಳನ್ನೂ ಮನುಷ್ಯರನ್ನು ವಿಚಾರಿಸುವಷ್ಟೇ ಶ್ರದ್ಧೆಯಿಂದ ವಿಚಾರಿಸಿದವನು ನಮ್ಮ ತೆಂಗಿನ ಸೀಮೆಯವನಲ್ಲ, ಧಾರವಾಡದ ಕಡೆಯವನು. ವಾಲ್ಟರ್ ಎಲಿಯಟ್ ಅವನ ಹೆಸರು.

ಈ ಎಲಿಯಟ್‌ನ ಕಥೆ ನಮ್ಮ ಹೆಂಗಸರಿಗೆ ಬೇರೆ ಕಾರಣಕ್ಕೂ ಹತ್ತಿರದ್ದು. ಅವನು ಹುಟ್ಟಿದ್ದು 1803ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಕಂಪನಿಯ ನೌಕರಿಗೆ ಬಂದು ಧಾರವಾಡದಲ್ಲಿ ಥ್ಯಾಕರೆಯ ಕೈಕೆಳಗೆ ಸಹಾಯಕನಾದ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಏನಾಯಿತು ಎಂಬುದು ಕನ್ನಡದ ಪ್ರತಿ ಮಗುವಿಗೂ ಗೊತ್ತು. ಥ್ಯಾಕರೆ ಸತ್ತ, ಅವನ ಇಬ್ಬರು ಸಹಾಯಕರು ರಾಣಿ ಚೆನ್ನಮ್ಮನ ಸೆರೆಯಾದರು. ಒಬ್ಬ ಸ್ಟೀವನ್ಸನ್. ಇನ್ನೊಬ್ಬ ಈ ಎಲಿಯಟ್, ಇಪ್ಪತ್ತೊಂದರ ಹುಡುಗ. ಸುಮಾರು ಆರು ವಾರ ಕಿತ್ತೂರಿನ ಸೆರೆಯಲ್ಲಿದ್ದು, ಡಿಸೆಂಬರಿನಲ್ಲಿ ಬಿಡುಗಡೆಯಾಗಿ ಜೀವಸಹಿತ ಹೊರಗೆ ಬಂದ. ಚೆನ್ನಮ್ಮನ ಗತಿ ಹಾಗಾಗಲಿಲ್ಲ. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಆಕೆಯ ಪ್ರಾಣ ಹೋಯಿತು.

ಸೆರೆಯಿಂದ ಬಿಟ್ಟ ಹುಡುಗ ಊರಿಗೆ ಓಡಿಹೋಗಬಹುದಿತ್ತು. ಹೋಗಲಿಲ್ಲ. ಅದೇ ಸೀಮೆಯಲ್ಲಿ 1833ರವರೆಗೂ ಇದ್ದ. ಕನ್ನಡ ಬಲ್ಲವರನ್ನು ಇಟ್ಟುಕೊಂಡು ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ಚರಿತ್ರೆ ಕಟ್ಟುವ ಕೆಲಸಕ್ಕೆ ಮುಂದೆ ಅವು ಒದಗಿದವು. ಅದೇ ವರ್ಷಗಳಲ್ಲಿ ಅವನು ಹಿಡಿಸಿ, ಅಳೆದು, ಸಾಕಿ, ಬರೆದುಕೊಂಡ ಪ್ರಾಣಿಗಳ ಪಟ್ಟಿ 1839ರಲ್ಲಿ ಮದ್ರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ಬಂತು.

ಆ ಪಟ್ಟಿಯಲ್ಲಿ ಇಲಿಗಳ ಪುಟಗಳೇ ನನಗೆ ಹಿಡಿಸಿದವು. ಇಲಿಗಳನ್ನು ಹಿಡಿದುಕೊಟ್ಟವರು, ಅವುಗಳ ಗುಟ್ಟು ಹೇಳಿದವರು ಒಡ್ಡರು. ಕೆರೆ ಬಾವಿ ತೋಡಿ, ಏರಿ ಕಟ್ಟಿ ಬಾಳಿದ ಜನ, ಇಂದು ನಾವು ಭೋವಿಗಳೆನ್ನುವವರು. ಮಣ್ಣು ಅಗೆಯುವವರಿಗಿಂತ ಬಿಲದ ಒಳಗನ್ನು ಬಲ್ಲವರು ಇನ್ನಾರು? ಅವರ ಮನೆಮಾತು ತೆಲುಗು, ಸುತ್ತಲಿನವರದು ಕನ್ನಡ. ಎಲಿಯಟ್ ಎರಡನ್ನೂ ಕಿವಿಗೆ ಬಿದ್ದಂತೆ ಬರೆದುಕೊಂಡ.

ಮೊದಲನೆಯದು ‘ಕೊಕ್’. ಒಂಟಿ ಜೀವ, ಸಿಟ್ಟಿನ ಜೀವ. ವಿಶಾಲವಾದ ಬಿಲ ತೋಡಿ ಸುಗ್ಗಿಯ ಕಾಲದಲ್ಲಿ ಕಾಳು ಕೂಡಿಡುತ್ತದೆ. ಕಾಳು ಮುಗಿದ ಮೇಲೆ ಗರಿಕೆಯ ಬೇರು ತಿಂದು ದಿನ ದೂಡುತ್ತದೆ. ತಾಯಿ ಒಂದು ಸೂಲಿಗೆ ಎಂಟು ಹತ್ತು ಮರಿ ಹಾಕಿ, ಅವು ತಮ್ಮ ಹೊಟ್ಟೆ ಹೊರೆದುಕೊಳ್ಳುವಂತಾದ ಕೂಡಲೇ ಮನೆಯಿಂದ ಹೊರಗಟ್ಟುತ್ತಾಳಂತೆ. ಒಡ್ಡರು ಇದನ್ನು ಹಿಡಿದು ತಿನ್ನುತ್ತಿದ್ದರು. ಸುಗ್ಗಿಯಲ್ಲಿ ಬಿಲ ಅಗೆದು ಅದು ಕೂಡಿಟ್ಟ ಕಾಳನ್ನೂ ತೆಗೆಯುತ್ತಿದ್ದರು. ಒಂದು ಬಿಲದಲ್ಲಿ ಕೆಲವೊಮ್ಮೆ ಅರ್ಧ ಸೇರು ಕಾಳು, ಜೋಳದ ಇಡೀ ತೆನೆಗಳೂ ಸಿಗುತ್ತಿದ್ದವು. ಒಳ್ಳೆಯ ಹೊಲವಾದರೆ ಆ ದಿನಗಳಲ್ಲಿ ಬಹುಮಟ್ಟಿಗೆ ಅದರಲ್ಲೇ ಅವರ ಊಟ ನಡೆಯುತ್ತಿತ್ತು. ಇದನ್ನು ಓದಿದಾಗ ನನ್ನ ತಮ್ಮನ ಮಗಳು “ಛೀ” ಎಂದಳು. ನನಗೆ ಹಾಗನ್ನಿಸಲಿಲ್ಲ. ಇಲಿಯ ಬಿಲದಿಂದ ಅರ್ಧ ಸೇರು ತೆಗೆದು, ಮಣ್ಣು ಕೇರಿ, ಕಲ್ಲು ಆರಿಸಿ, ಬೀಸಿ, ಮಕ್ಕಳಿಗೆ ರೊಟ್ಟಿ ತಟ್ಟಿದ ಕೈ ಯಾವುದು ಎಂದು ಯೋಚಿಸುತ್ತ ಕುಳಿತೆ.

ಎರಡನೆಯದು ‘ಮೆತ್ತಡೆ’. ಮೈಯ ತುಪ್ಪಟ ಬಲು ಮೃದು. ಹೆಸರಿನಲ್ಲೇ ಆ ಮೆತ್ತನೆ ಕೇಳಿಸುತ್ತದೆ. ಇದು ಬಿಲ ತೋಡುವುದರಲ್ಲಿ ಸೋಮಾರಿ. ಪೊದೆಯ ಬುಡದಲ್ಲಿ ಒಂದಿಷ್ಟು ಕೆದರಿಕೊಂಡೋ, ಹೊಲದಲ್ಲಿ ರಾಶಿ ಹಾಕಿದ ಕಲ್ಲಿನ ಸಂದಿಯಲ್ಲೋ, ಕೊಕ್ ಬಿಟ್ಟುಹೋದ ಬಿಲದಲ್ಲೋ ಕಾಲ ಹಾಕುತ್ತದೆ. ಬೇಸಿಗೆಯಲ್ಲಿ ಎರೆಭೂಮಿ ಬಿರಿದಾಗ ಆ ಬಿರುಕುಗಳೇ ಅದರ ಮನೆ. ಮುಂಗಾರು ಬಿದ್ದು ಬಿರುಕು ಮುಚ್ಚಿಕೊಂಡಾಗ ಲೆಕ್ಕವಿಲ್ಲದಷ್ಟು ಒಳಗೇ ಸಾಯುತ್ತವೆ. 1826ರಲ್ಲಿ ಮುಂಗಾರಿನ ಮೊದಲ ಮಳೆ ಸರಿಯಾಗಿ ಬೀಳಲಿಲ್ಲ. ಬಿರುಕುಗಳು ಮುಚ್ಚಲಿಲ್ಲ. ಮೆತ್ತಡೆಗಳು ಸಾಯಲಿಲ್ಲ, ಮಾರಿಯಂತೆ ಬೆಳೆದವು. ಬಿತ್ತಿದ ಬೀಜ ತಿಂದವು, ಉಳಿದದ್ದು ತೆನೆಗೆ ಬಂದಾಗ ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು. ರೈತರು ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಒಡ್ಡರಿಗೆ ಗೊತ್ತುಮಾಡಿದರು. ಅವರು ಸಾವಿರಗಟ್ಟಲೆ ಕೊಂದರೂ ಕಡಿಮೆಯಾದಂತೆ ಕಾಣಲಿಲ್ಲ. ರೈತರಿಗೆ ಕಂದಾಯ ಕಟ್ಟಲಾಗಲಿಲ್ಲ.

ಸಾಹೇಬನ ಕಣ್ಣು ಕಂದಾಯದ ಮೇಲೂ ಇತ್ತೆಂಬುದನ್ನು ನಾವು ಮರೆಯಬೇಕಾಗಿಲ್ಲ. ಹಾಗೆಂದು ಅವನು ಕಂಡದ್ದು ಸುಳ್ಳಾಗುವುದಿಲ್ಲ. ಮಳೆ, ಬಿರುಕು, ಇಲಿ, ತೆನೆ, ರೈತನ ಸಾಲ ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿದ ಮಣಿಗಳೆಂದು ಹೊಲದಲ್ಲಿ ಕೆಲಸ ಮಾಡುವವರಿಗೆ ಗೊತ್ತಿತ್ತು. ಅದು ಕಾಗದದ ಮೇಲೆ ಉಳಿದದ್ದು ಅವನಿಂದ.

ಮೂರನೆಯದು ‘ಲೆಗ್ಯಡೆ’. ಇದು ಎರೆಭೂಮಿಯದಲ್ಲ, ನಮ್ಮ ಕಡೆಯಂಥ ಕೆಂಪು ಗರಸು ಮಣ್ಣಿನದು. ಚಿಕ್ಕ ಇಲಿ, ಮೈಮೇಲೆ ಒರಟು ಮುಳ್ಳುಗೂದಲು. ಬದುವಿನ ಪಕ್ಕದಲ್ಲಿ ಬಿಲ ಮಾಡಿ, ತಾನು ಒಳಗಿರುವಾಗ ಬಾಗಿಲಿಗೆ ಸಣ್ಣ ಸಣ್ಣ ಹರಳುಕಲ್ಲು ಇಟ್ಟು ಮುಚ್ಚಿಕೊಳ್ಳುತ್ತದೆ. ಹೊರಗೂ ಒಂದಿಷ್ಟು ಹರಳು ಬಿದ್ದಿರುತ್ತವೆ. ಅದನ್ನು ಕಂಡು ಇಲ್ಲಿ ಲೆಗ್ಯಡೆ ಇದೆ ಎಂದು ಹೇಳಬಹುದು. ಒಳಗಿನ ಕೋಣೆಯಲ್ಲಿ ಹಾಸಿಗೆಯೂ ಹರಳಿನದೇ. ಗಂಡು ಹೆಣ್ಣು ಜೋಡಿಯಾಗಿ ಬಾಳುತ್ತವೆ. ಹುಲ್ಲಿನ ಮೆತ್ತೆ ಬಿಟ್ಟು ಕಲ್ಲಿನ ಮೇಲೆ ಕೂರುವ ಈ ಜೀವ ಯಾವ ವ್ರತ ಹಿಡಿದಿದೆಯೋ ಎಂದು ನಾವಿಬ್ಬರೂ ನಕ್ಕೆವು.

ಈ ಇಲಿಗಳು ಲಂಡನ್ನಿನಲ್ಲಿ ಶಾಸ್ತ್ರದ ಹೆಸರು ಪಡೆದ ಕಥೆ ಇನ್ನೂ ಸೊಗಸು. 1837ರಲ್ಲಿ ಗ್ರೇ ಎಂಬ ಪಂಡಿತ ಅವುಗಳಿಗೆ ನಾಮಕರಣ ಮಾಡಿದ. ಕನ್ನಡದ ಪೊದೆಯ ಇಲಿ ‘ಗುಲಾಂದಿ’ಯಿಂದ ‘ಗೊಲುಂಡ ಎಲಿಯಟಿ’ ಆಯಿತು. ಇವತ್ತಿಗೂ ಪ್ರಪಂಚದಲ್ಲೆಲ್ಲ ಅದೇ ಹೆಸರು. ಲೆಗ್ಯಡೆಯಿಂದ ‘ಲೆಗ್ಗಾಡ’ ಎಂಬ ಪಂಗಡವೇ ಹುಟ್ಟಿತು. ಮೆತ್ತಡೆಯ ಗ್ರಹಚಾರ ಮಾತ್ರ ಕೆಟ್ಟಿತ್ತು. ಎರಡು ‘ಟಿ’ಗಳಲ್ಲಿ ಒಂದು ‘ಎಲ್’ ಆಗಿ, ‘ಮೆಲ್ಟಾಡ’ ಎಂದು ಅಚ್ಚಾಯಿತು. ಮೊದಲು ಅಚ್ಚಾದ ಹೆಸರೇ ಖಾಯಂ ಎಂಬುದು ಆ ಶಾಸ್ತ್ರದ ನಿಯಮವಂತೆ. ಹಾಗಾಗಿ ಆ ಬಡಪಾಯಿ ಇಂದಿಗೂ ‘ಮೆಲ್ಟಾಡ’ವೇ. ಪಡಿತರ ಚೀಟಿಯಲ್ಲಿ ಗಂಗಮ್ಮ ಹೋಗಿ ಗಂಗಪ್ಪ ಆದರೆ ನಾಲ್ಕು ಸಲ ಅಲೆದಾದರೂ ತಿದ್ದಿಸಬಹುದು. ಇಲಿ ಯಾವ ಕಿಟಕಿಯ ಮುಂದೆ ಅರ್ಜಿ ಹಿಡಿದು ನಿಂತೀತು!

ಹೆಗ್ಗಣಕ್ಕೆ ಇಂಗ್ಲಿಷಿನವರು ಹೇಳುವ ‘ಬ್ಯಾಂಡಿಕೂಟ್’ ಎಂಬ ಮಾತೂ ತೆಲುಗಿನ ‘ಪಂದಿಕೊಕ್ಕು’, ಅಂದರೆ ಹಂದಿ ಇಲಿ. ಅದು ಹಡಗು ಹತ್ತಿ ಆಸ್ಟ್ರೇಲಿಯಕ್ಕೂ ಹೋಗಿ, ಅಲ್ಲಿನ ಸಂಬಂಧವೇ ಇಲ್ಲದ ಒಂದು ಚೀಲದ ಪ್ರಾಣಿಯ ಹೆಸರಾಗಿ ಕೂತಿದೆ. ನಮ್ಮ ಹಿತ್ತಲ ಮಾತುಗಳು ನಮಗಿಂತ ಹೆಚ್ಚು ದೇಶ ನೋಡಿವೆ.

ಎಲಿಯಟ್ ಮುಂದೆ ದೊಡ್ಡ ಅಧಿಕಾರಿಯಾದ. ಮದ್ರಾಸಿನಿಂದ ಡಾರ್ವಿನ್ನನಿಗೆ ಪಾರಿವಾಳಗಳ ಚರ್ಮ ಕಳಿಸಿಕೊಟ್ಟ. 1859ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಡಾರ್ವಿನ್ ಅವನ ಹೆಸರು ಹೇಳಿ ಉಪಕಾರ ಸ್ಮರಿಸಿದ್ದಾನೆ. 1887ರಲ್ಲಿ ಎಲಿಯಟ್ ತೀರಿಕೊಂಡ. ಹೀಗೆ ಒಬ್ಬರ ಹೆಸರು ಇನ್ನೊಬ್ಬರ ಪುಸ್ತಕದಲ್ಲಿ ಉಳಿಯಿತು. ಇಲಿಗಳ ಹೆಸರೂ ಉಳಿಯಿತು. ಬಿಲ ಅಗೆದು, ಇಲಿ ಹಿಡಿದು, “ಇದು ಲೆಗ್ಯಡೆ, ಸ್ವಾಮಿ” ಎಂದು ಹೇಳಿಕೊಟ್ಟವರದು? ‘ಒಡ್ಡರು’ ಎಂಬ ಜಾತಿಯ ಹೆಸರೊಂದನ್ನು ಬಿಟ್ಟರೆ ಗಂಡಸಿನದಾಗಲಿ ಹೆಂಗಸಿನದಾಗಲಿ ಒಂದು ಹೆಸರೂ ನಮಗೆ ಸಿಗಲಿಲ್ಲ. ನಮ್ಮೂರಿನ ಚೆನ್ನಕೇಶವನ ಗುಡಿ ಕಟ್ಟಿದ ಹೊಯ್ಸಳರ ಕಾಲದ ರೂವಾರಿ ಹೊನ್ನೋಜನ ಹೆಸರು ಇಂದಿಗೂ ಉಳಿದಿದೆ. ಈ ಸೀಮೆಯ ಕೆರೆಗಳಿಗೆ ಮಣ್ಣು ಹೊತ್ತವರ ಹೆಸರು ಯಾವ ಕಲ್ಲಿನ ಮೇಲಿದೆ?

ಹೆಸರಿನಿಂದ ಏನಾಗುತ್ತದೆ, ಇಲಿ ಇಲಿಯೇ ತಾನೆ ಎಂದು ನೀವು ಕೇಳಬಹುದು. ನಮ್ಮ ಯಜಮಾನರೂ ಹಾಗೇ ಕೇಳಿದರು. ನನಗೆ ಹೊಳೆದದ್ದು ಇಷ್ಟು: ಹೆಸರು ಒಂದೇ ಆದಾಗ ಮದ್ದೂ ಒಂದೇ ಆಗಿಬಿಡುತ್ತದೆ. ಈಗ ಅಂಗಡಿಯಿಂದ ಒಂದು ಪೊಟ್ಟಣ ಪಾಷಾಣ ತಂದು ಅಟ್ಟಕ್ಕೂ ತೋಟಕ್ಕೂ ಬದುವಿಗೂ ಒಟ್ಟಿಗೆ ಹಾಕುವವರಿದ್ದಾರೆ. ಕೊಬ್ಬರಿ ಕೊರೆಯುವುದೂ ಸಾಯುತ್ತದೆ, ಮನೆಯ ಕಡೆ ತಲೆಯನ್ನೇ ಹಾಕದ ಬದುವಿನ ಬಡಪಾಯಿಯೂ ಸಾಯುತ್ತದೆ, ಅವನ್ನು ತಿಂದ ಗೂಬೆ ಬೆಕ್ಕುಗಳೂ ಸಾಯುತ್ತವೆ. ಮರುವರ್ಷ ಇಲಿ ಮತ್ತೆ ಬರುತ್ತದೆ, ಗೂಬೆ ಬರುವುದಿಲ್ಲ. ಬಿದ್ದ ಕಾಯಿಯ ತೂತು ನೋಡಿ ಯಾರ ಕೆಲಸವೆಂದು ಹೇಳುತ್ತಿದ್ದ ಅತ್ತೆ ಒಬ್ಬರ ತಪ್ಪಿಗೆ ಇನ್ನೊಬ್ಬರನ್ನು ಯಾವತ್ತೂ ಕೊಲ್ಲಿಸಲಿಲ್ಲ.

ಒಂದು ಸಂಜೆ ಅವರಿಗೆ ಎಲಿಯಟ್‌ನ ಪಟ್ಟಿಯನ್ನು ನಮ್ಮ ಮಾತಿನಲ್ಲಿ ಹೇಳಿದೆ. ಕೊಕ್‌ನ ತಾಯಿ ಮರಿಗಳನ್ನು ಹೊರಗಟ್ಟುವುದನ್ನು ಕೇಳಿ, “ಸರಿಯಾಗೇ ಮಾಡ್ತದೆ ಬಿಡು” ಎಂದು ಮಗನ ಕಡೆ ನೋಡಿದರು. ಹರಳಿನ ಬಾಗಿಲಿನ ಇಲಿಯ ಮಾತು ಬಂದಾಗ ಮಾತ್ರ ಅವರ ಕಣ್ಣು ಬೆಳಗಿತು. “ಗೊತ್ತು ಕಣವ್ವ! ನಮ್ಮಪ್ಪನ ರಾಗಿ ಹೊಲದ ಬದುವಿನ ಮ್ಯಾಲೆ ಇರ್ತಿತ್ತು. ನಾವು ಹುಡುಗ್ರು ಆ ಹರಳ್ನೆಲ್ಲ ತಗದಾಕಿ ಮನೀಗ್ ಬಂದ್ರೆ, ಬೆಳಗಾಗೋದ್ರೊಳ್ಗೆ ತಿರ್ಗಾ ಬಾಗ್ಲಾಕಿರ್ತಿತ್ತು. ಅದುಕ್ಕೆ ನಾವು… ಅದುಕ್ಕೆ…” ತುಟಿ ಆಡಿತು, ಹೆಸರು ಬರಲಿಲ್ಲ. ನಾನು ಲೆಗ್ಯಡೆ ಎಂದೆ. ತಲೆ ಅಲ್ಲಾಡಿಸಿದರು. “ಅದಲ್ಲ. ನಮ್ಮೂರಾಗೆ ಬ್ಯಾರೆ ಅಂತಿದ್ವಿ.”

ಮಾರನೆಯ ದಿನ ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ತರಿಸಿದೆ. ದಿನಕ್ಕೆ ಅರ್ಧ ಗಂಟೆ, ಕಾಫಿ ಆದಮೇಲೆ, ಅತ್ತೆ ಹೇಳುತ್ತಾರೆ, ನಾನು ಬರೆಯುತ್ತೇನೆ. ಇಲಿಯಿಂದ ಶುರುವಾದದ್ದು ಈಗ ಹಕ್ಕಿ, ಹಾವು, ಸೊಪ್ಪು, ಹುಲ್ಲಿನ ತನಕ ಬಂದಿದೆ. ಯಾವ ಹೆಸರು ಯಾರಿಂದ ಕಲಿತದ್ದು ಎಂದು ಕೇಳಿ ಅದನ್ನೂ ಪಕ್ಕದಲ್ಲಿ ಬರೆಯುತ್ತಿದ್ದೇನೆ. ಅವರ ತಾಯಿ, ಅವರ ಸೋದರತ್ತೆ, ಕಣಕ್ಕೆ ಬರುತ್ತಿದ್ದ ಕೂಲಿ ಹೆಂಗಸರು, ಬಾವಿ ತೋಡಲು ಬಂದವರು. ಕೆಲವು ದಿನ ಹತ್ತು ಹೆಸರು ಬರುತ್ತವೆ, ಕೆಲವು ದಿನ ಒಂದೂ ಇಲ್ಲ. ಬಾರದ ದಿನ ಅವರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಓದಲು ಬಾರದಿದ್ದರೂ ಪುಟ ತಿರುವಿ ನೋಡಿ, “ಇಷ್ಟು ಐತಲ್ಲ” ಎಂದು ಹಿಂದಕ್ಕೆ ಕೊಡುತ್ತಾರೆ.

ಮೊದಲ ಪುಟದಲ್ಲಿ ‘ಬದುವಿನ ಮೇಲೆ ಹರಳಿನ ಬಾಗಿಲು ಹಾಕಿಕೊಳ್ಳುವ ಚಿಕ್ಕ ಇಲಿ’ ಎಂದು ಬರೆದು, ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ತುಮಕೂರು ಸೀಮೆಯ ಕೆಂಪು ಹೊಲಗಳಲ್ಲಿ ಆಡಿ ಬೆಳೆದ ತಾಯಿಯೋ ಅಜ್ಜಿಯೋ ನಿಮ್ಮ ಮನೆಯಲ್ಲಿದ್ದರೆ ಅವರನ್ನೊಮ್ಮೆ ಕೇಳಿ ನೋಡಿ. ಅವರು ಹೇಳಿದ ಹೆಸರನ್ನು ಕೂಡಲೇ ಬರೆದಿಟ್ಟುಕೊಳ್ಳಿ, ಹೇಳಿದವರ ಹೆಸರನ್ನೂ.